ಸಾಕು ಮೊಲಗಳ ಸಾಮಾನ್ಯ ಕಾಯಿಲೆಗಳು, ಪರೋಪಜೀವಿಗಳು ಮತ್ತು ಉಪಚಾರ



ಕೆಲವು ಕಾಲದ ಹಿಂದೆ ನಮ್ಮ ಜಿಲ್ಲೆಯ ಒಂದು ಸಂಘದಲ್ಲಿ ಬಂಜೆತನ ನಿವಾರಣಾ ಶಿಬಿರ ಏರ್ಪಾಡಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಹಸು ಎಮ್ಮೆಗಳ ತಪಾಸಣೆ ಮುಗಿದು, ಕೈಕಾಲು ತೊಳೆದುಕೊಳ್ಳುತ್ತಿದ್ದೆ. ಸಾಲಿನ ಕೊನೆಯಲ್ಲಿ ಏಳನೆಯ ತರಗತಿ ಓದುವ ಒಬ್ಬ ಹುಡುಗಿ ಬಿದಿರಿನ ಕುಕ್ಕೆಯೊಂದನ್ನು ಹಿಡಿದು ನಿಂತಿದ್ದಳು. ಕುಕ್ಕೆಯ ಮೇಲೆ ಹಳೆಯ ಸೀರೆಯ ತುಂಡು ಮುಚ್ಚಿತ್ತು. ತೆಗೆದು ನೋಡಿದರೆ ಒಂದು ಬಿಳಿ ಮೊಲ. ಅದರ ಎರಡೂ ಕಿವಿಗಳ ಒಳಗೆ ಕಂದು ಬಣ್ಣದ ಹೊಪ್ಪಳೆ ಪದರ ಪದರವಾಗಿ ಕಟ್ಟಿತ್ತು. ಮೊಲ ತಲೆ ಒದರುತ್ತಲೇ ಇತ್ತು.

"ಎರಡು ಇದ್ದವು ಸಾರ್, ಒಂದು ಹೋದ ವಾರ ಸತ್ತುಹೋಯ್ತು" ಎಂದಳು. ಜೊತೆಯಲ್ಲಿದ್ದ ತಂದೆ ತಲೆ ತಗ್ಗಿಸಿ ನಡೆದದ್ದನ್ನು ಹೇಳಿದರು. ಮೊಲ ಕಿವಿ ಕೆರೆದುಕೊಳ್ಳುತ್ತಿದ್ದುದನ್ನು ಕಂಡು, ಹಸುವಿನ ಉಣ್ಣೆಗೆಂದು ತಂದಿಟ್ಟಿದ್ದ ಔಷಧಿಯನ್ನು ಬಟ್ಟೆಯಲ್ಲಿ ಅದ್ದಿ ಒಂದು ಮೊಲದ ಕಿವಿಗೂ ಮೈಗೂ ಒರೆಸಿದ್ದರು. ಸಂಜೆಗೆ ಮೊಲ ನಡುಗಿ, ಜೊಲ್ಲು ಸುರಿಸಿ, ಬೆಳಗಾಗುವಷ್ಟರಲ್ಲಿ ಪ್ರಾಣ ಬಿಟ್ಟಿತ್ತು. "ಹಸುವಿಗೆ ಏನೂ ಆಗದ ಔಷಧಿ ಮೊಲಕ್ಕೆ ಯಾಕೆ ವಿಷವಾಯ್ತು ಸಾರ್?" ಎಂದು ಕೇಳಿದರು.

ಅವರ ಪ್ರಶ್ನೆ ಒಬ್ಬರ ಪ್ರಶ್ನೆಯಲ್ಲ. ನಮ್ಮ ಸದಸ್ಯರ ಮನೆಗಳಲ್ಲಿ ಮಕ್ಕಳ ಆಸೆಗೆಂದು ಸಂತೆಯಿಂದಲೋ ನೆಂಟರ ಮನೆಯಿಂದಲೋ ಒಂದು ಜೊತೆ ಮೊಲ ತಂದು ಸಾಕುವುದು ಸಾಮಾನ್ಯವಾಗಿದೆ. ಕೊಟ್ಟಿಗೆ ಇರುವ ಮನೆಯಲ್ಲಿ ದನದ ಔಷಧಿಯೂ ಇದ್ದೇ ಇರುತ್ತದೆ. ಮೊಲಕ್ಕೆ ಕಾಯಿಲೆ ಬಂದಾಗ ಕೈ ಮೊದಲು ಹೋಗುವುದು ಆ ಬಾಟಲಿಯ ಕಡೆಗೆ. ಆದ್ದರಿಂದ ಮೊಲದ ಸಾಮಾನ್ಯ ಕಾಯಿಲೆಗಳು ಯಾವುವು, ಮನೆಯಲ್ಲಿ ಏನು ಮಾಡಬಹುದು, ಏನು ಮಾಡಲೇಬಾರದು ಎಂಬುದನ್ನು ಈ ಲೇಖನದಲ್ಲಿ ತಿಳಿಸಲಾಗಿದೆ.

ಮೊಲ ಪುಟ್ಟ ಹಸುವಲ್ಲ

ಮೊದಲು ಈ ಮಾತನ್ನು ಮನಸ್ಸಿನಲ್ಲಿಡಬೇಕು. ಎರಡೂ ಹುಲ್ಲು ತಿನ್ನುತ್ತವೆ ನಿಜ. ಆದರೆ ಹಸು ಹುಲ್ಲನ್ನು ಹೊಟ್ಟೆಯ ಮುಂಭಾಗದ ಮೆಲುಕು ಚೀಲದಲ್ಲಿ ಹುದುಗು ಬರಿಸುತ್ತದೆ. ಮೊಲಕ್ಕೆ ಮೆಲುಕು ಚೀಲವಿಲ್ಲ. ಅದರ ಹುದುಗುವ ಪಾತ್ರೆ ಇರುವುದು ಹಿಂದೆ, ಸಣ್ಣ ಕರುಳು ಮತ್ತು ದೊಡ್ಡ ಕರುಳು ಸೇರುವ ಕಡೆಯ ಕುರುಡು ಕರುಳಿನಲ್ಲಿ. ಅಲ್ಲಿರುವ ಕೋಟ್ಯಂತರ ಒಳ್ಳೆಯ ಸೂಕ್ಷ್ಮಜೀವಿಗಳು ನಾರನ್ನು ಕರಗಿಸುತ್ತವೆ. ಹೀಗೆ ಹುದುಗಿದ ಆಹಾರ ಮೆದುವಾದ, ಅಂಟಂಟಾದ, ದ್ರಾಕ್ಷಿ ಗೊಂಚಲಿನಂಥ ಹಿಕ್ಕೆಯಾಗಿ ಹೊರಬರುತ್ತದೆ. ಮೊಲ ಅದನ್ನು ನೆಲಕ್ಕೆ ಬೀಳಲು ಬಿಡದೆ ಬಾಯಿಂದಲೇ ತೆಗೆದು ನುಂಗುತ್ತದೆ. ಹಸು ಮೆಲುಕು ಹಾಕಿದಂತೆಯೇ ಇದೂ. "ಮೊಲ ತನ್ನ ಹಿಕ್ಕೆ ತಾನೇ ತಿನ್ನುತ್ತದೆ, ಏನೋ ಕಾಯಿಲೆ" ಎಂದು ಹೆದರಬೇಕಾಗಿಲ್ಲ, ತಡೆಯಲೂಬಾರದು.

ಎರಡನೆಯದಾಗಿ, ಮೊಲಕ್ಕೆ ವಾಂತಿಯಾಗುವುದಿಲ್ಲ. ಒಳಗೆ ಹೋದ ತಪ್ಪು ಆಹಾರವಾಗಲಿ ವಿಷವಾಗಲಿ ಬಾಯಿಯ ಮೂಲಕ ಹೊರಬರುವ ದಾರಿಯೇ ಇಲ್ಲ. ಮೂರನೆಯದಾಗಿ, ಮೊಲ ತನ್ನ ಮೈಯನ್ನು ದಿನವಿಡೀ ನೆಕ್ಕಿಕೊಳ್ಳುವ ಪ್ರಾಣಿ. ಮೈಮೇಲೆ ಹಚ್ಚಿದ್ದೆಲ್ಲ ಹೊಟ್ಟೆ ಸೇರುತ್ತದೆ. ನಾಲ್ಕನೆಯದಾಗಿ, 400 ಕಿಲೋ ತೂಗುವ ಹಸುವಿಗೂ 2 ಕಿಲೋ ತೂಗುವ ಮೊಲಕ್ಕೂ ಇನ್ನೂರು ಪಟ್ಟು ಅಂತರವಿದೆ. ಆ ತಂದೆಯ ಪ್ರಶ್ನೆಗೆ ಉತ್ತರ ಇಷ್ಟರಲ್ಲಿಯೇ ಇದೆ.

ಆರೋಗ್ಯವಂತ ಮೊಲದ ಗುರುತು

ರೋಗ ತಿಳಿಯಬೇಕಾದರೆ ಮೊದಲು ಆರೋಗ್ಯ ತಿಳಿದಿರಬೇಕು. ಆರೋಗ್ಯವಾಗಿರುವ ಮೊಲದ ಕಣ್ಣು ಹೊಳೆಯುತ್ತದೆ, ಮೂಗು ಒಣಗಿರುತ್ತದೆ, ಕಿವಿಯ ಒಳಭಾಗ ತಿಳಿ ಗುಲಾಬಿ ಬಣ್ಣವಾಗಿ ಸ್ವಚ್ಛವಾಗಿರುತ್ತದೆ. ದೇಹದ ಉಷ್ಣತೆ 101ರಿಂದ 104 ಡಿಗ್ರಿ ಫ್ಯಾರನ್‌ಹೀಟ್. ಹಿಕ್ಕೆ ಕಡಲೆ ಗಾತ್ರದಲ್ಲಿ ಗುಂಡಾಗಿ, ಒಣಗಿದಂತೆ, ಬೇಕಾದಷ್ಟು ಬೀಳುತ್ತಿರಬೇಕು. ಬೆಳಿಗ್ಗೆ ಹಾಲು ಕರೆಯಲು ಕೊಟ್ಟಿಗೆಗೆ ಹೋಗುವಾಗ ಮೊಲದ ಗೂಡಿನ ಕಡೆಗೂ ಒಮ್ಮೆ ಕಣ್ಣು ಹಾಯಿಸಿ ಮೂರು ವಿಷಯ ನೋಡಿ: ರಾತ್ರಿ ಹಾಕಿದ ಹುಲ್ಲು ತಿಂದಿದೆಯೇ, ನೀರು ಕುಡಿದಿದೆಯೇ, ಹಿಕ್ಕೆ ಬಿದ್ದಿದೆಯೇ. ಇಷ್ಟಕ್ಕೆ ಒಂದು ನಿಮಿಷ ಸಾಕು.

ಕೆಲವು ಸಂಗತಿಗಳು ಕಾಯಿಲೆಯಲ್ಲದಿದ್ದರೂ ಕಾಯಿಲೆಯಂತೆ ಕಾಣುತ್ತವೆ. ಮೊಲದ ಮೂತ್ರ ತಿಂದ ಮೇವಿಗೆ ತಕ್ಕಂತೆ ಕಿತ್ತಳೆ ಅಥವಾ ಕೆಂಪು ಬಣ್ಣಕ್ಕೆ ತಿರುಗುವುದುಂಟು. ದನಗಳಲ್ಲಿ ಉಣ್ಣೆಯಿಂದ ಬರುವ ರಕ್ತಮೂತ್ರ ರೋಗವೆಂದು ಭಾವಿಸಿ ಗಾಬರಿಯಾಗಬೇಡಿ. ಮೊಲ ಚಟುವಟಿಕೆಯಿಂದಿದ್ದು ಮೇವು ತಿನ್ನುತ್ತಿದ್ದರೆ ಎರಡು ದಿನ ಗಮನಿಸಿ. ಮುಕ್ಕುತ್ತಿದ್ದರೆ ಅಥವಾ ರಕ್ತದ ಹೆಪ್ಪು ಕಂಡರೆ ಮಾತ್ರ ತಡಮಾಡದೆ ತೋರಿಸಿ. ಹಾಗೆಯೇ ಗಬ್ಬದ ಮೊಲ 30-31 ದಿನಕ್ಕೆ ಮರಿ ಹಾಕುವ ಮುನ್ನ ತನ್ನ ಹೊಟ್ಟೆ, ಕತ್ತಿನ ಕೂದಲನ್ನು ಕಿತ್ತು ಮೆತ್ತೆ ಮಾಡಿಕೊಳ್ಳುತ್ತದೆ. ಅದು ಕಜ್ಜಿಯಲ್ಲ, ತಾಯ್ತನದ ಸಿದ್ಧತೆ.

1. ಕಿವಿ ಕಜ್ಜಿ

ನಮ್ಮಲ್ಲಿ ಹೆಚ್ಚಾಗಿ ಕಾಣುವ ತೊಂದರೆ ಇದೇ. ಸೋರಾಪ್ಟಿಸ್ ಎಂಬ ಬಹಳ ಸಣ್ಣ ನುಸಿ ಇದಕ್ಕೆ ಕಾರಣ.

ಲಕ್ಷಣಗಳು: ಮೊದಮೊದಲು ತಲೆ ಒದರುವುದು, ಹಿಂಗಾಲಿನಿಂದ ಕಿವಿ ಕೆರೆಯುವುದು. ಅನಂತರ ಕಿವಿಯೊಳಗೆ ಕಂದು ಹೊಪ್ಪಳೆ ಒಂದರ ಮೇಲೊಂದು ಕೂರುತ್ತದೆ, ಕಿವಿ ಜೋಲು ಬೀಳುತ್ತದೆ, ಕೆಟ್ಟ ವಾಸನೆ ಬರುತ್ತದೆ. ಹಾಗೆಯೇ ಬಿಟ್ಟರೆ ಸೋಂಕು ಒಳಕಿವಿಗೆ ಇಳಿದು ಮೊಲ ಕತ್ತು ಒಂದು ಪಕ್ಕಕ್ಕೆ ವಾಲಿಸಿಕೊಂಡು ಸುತ್ತತೊಡಗುತ್ತದೆ.

ಉಪಚಾರ: ಹೊಪ್ಪಳೆಯನ್ನು ಕೀಳಬೇಡಿ. ಅದರ ಕೆಳಗೆ ಹಸಿ ಮಾಂಸವಿರುತ್ತದೆ, ಕಿತ್ತರೆ ಮೊಲಕ್ಕೆ ವಿಪರೀತ ನೋವಾಗಿ ರಕ್ತ ಬರುತ್ತದೆ. ಇದಕ್ಕೆ ಐವರ್‌ಮೆಕ್ಟಿನ್ ಒಳ್ಳೆಯ ಔಷಧಿ. ಚರ್ಮದಡಿ ಕೊಟ್ಟ ಮೇಲೆ ನುಸಿ ಸತ್ತು, ಕೆಲವು ದಿನಗಳಲ್ಲಿ ಹೊಪ್ಪಳೆ ತಾನಾಗಿ ಒಣಗಿ ಉದುರುತ್ತದೆ. ಔಷಧಿ ನುಸಿಯ ಮೊಟ್ಟೆಯನ್ನು ಕೊಲ್ಲುವುದಿಲ್ಲ. ಆದ್ದರಿಂದ ಮೊಟ್ಟೆಯೊಡೆದು ಬಂದ ನುಸಿಗಳನ್ನು ಹಿಡಿಯಲು 10ರಿಂದ 14 ದಿನ ಬಿಟ್ಟು ಎರಡನೆಯ ಸಲ, ಅಗತ್ಯವಿದ್ದರೆ ಮೂರನೆಯ ಸಲವೂ ಕೊಡಿಸಬೇಕು. "ಒಂದೇ ಇಂಜೆಕ್ಷನ್ನಿಗೆ ವಾಸಿಯಾಯ್ತು" ಎಂದು ಸುಮ್ಮನಾದವರ ಮನೆಯ ಮೊಲವೇ ತಿಂಗಳು ಕಳೆದ ಮೇಲೆ ಮತ್ತೆ ಬರುವುದು.

ಒಂದೇ ಗೂಡಿನಲ್ಲಿರುವ ಎಲ್ಲ ಮೊಲಗಳಿಗೂ, ಕಜ್ಜಿ ಕಾಣದಿದ್ದರೂ, ಒಟ್ಟಿಗೇ ಚಿಕಿತ್ಸೆ ಆಗಬೇಕು. ಉದುರಿದ ಹೊಪ್ಪಳೆಯಲ್ಲಿ ನುಸಿ ಮೂರು ವಾರದವರೆಗೂ ಬದುಕಿರಬಲ್ಲದು. ಹಾಸಿದ ಹುಲ್ಲು, ಗೋಣಿಯನ್ನು ಸುಟ್ಟುಬಿಡಿ. ಗೂಡನ್ನು ಕುದಿಯುವ ನೀರಿನಿಂದ ತೊಳೆದು ಬಿಸಿಲಿಗೆ ಇಡಿ.

ಐವರ್‌ಮೆಕ್ಟಿನ್ ಪ್ರಮಾಣದ ಲೆಕ್ಕ

ಈ ಔಷಧಿ ದನಕ್ಕೂ ಬಳಕೆಯಲ್ಲಿರುವುದರಿಂದ ಅನೇಕ ಸದಸ್ಯರಿಗೆ ಪರಿಚಿತ. ಹಾಗಾಗಿಯೇ ಅಪಾಯ ಹೆಚ್ಚು. ಲೆಕ್ಕ ನೋಡಿ. ಶೇಕಡಾ 1ರ ಇಂಜೆಕ್ಷನ್ನಿನಲ್ಲಿ ಪ್ರತಿ ಮಿ.ಲೀ.ಗೆ 10 ಮಿ.ಗ್ರಾಂ. ಔಷಧಿ ಇರುತ್ತದೆ. ದನಕ್ಕೆ 50 ಕಿಲೋ ತೂಕಕ್ಕೆ 1 ಮಿ.ಲೀ., ಅಂದರೆ 400 ಕಿಲೋ ಹಸುವಿಗೆ 8 ಮಿ.ಲೀ. ಮೊಲಕ್ಕೆ ವೈದ್ಯರು ಸಾಮಾನ್ಯವಾಗಿ ಕಿಲೋ ತೂಕಕ್ಕೆ 0.2ರಿಂದ 0.4 ಮಿ.ಗ್ರಾಂ. ಕೊಡುತ್ತಾರೆ. 2 ಕಿಲೋ ಮೊಲಕ್ಕೆ ಇದು ಬರೀ 0.04ರಿಂದ 0.08 ಮಿ.ಲೀ. ಒಂದೆರಡು ಹನಿಯಷ್ಟೇ! "ಚಿಕ್ಕ ಪ್ರಾಣಿ, ಅರ್ಧ ಮಿ.ಲೀ. ಸಾಕು" ಎಂದು ಅಂದಾಜಿನಲ್ಲಿ ಕೊಟ್ಟರೆ ಹೆಚ್ಚಿನ ಪ್ರಮಾಣಕ್ಕಿಂತಲೂ ಆರು ಪಟ್ಟು ಹೆಚ್ಚಾಯಿತು.

ದನಕ್ಕೆ ಬಳಸುವ 10 ಮಿ.ಲೀ. ಸಿರಿಂಜಿನಲ್ಲಿ ಇಷ್ಟು ಸಣ್ಣ ಅಳತೆ ಸಾಧ್ಯವೇ ಇಲ್ಲ. ಆದ್ದರಿಂದ ಈ ಇಂಜೆಕ್ಷನ್ನನ್ನು ಮನೆಯಲ್ಲಿ ಕೊಡುವ ಸಾಹಸ ಬೇಡ, ಪಶುವೈದ್ಯರಿಂದಲೇ ಕೊಡಿಸಿ. ನೀವು ಮಾಡಬಹುದಾದ ದೊಡ್ಡ ಉಪಕಾರವೆಂದರೆ ಮೊಲದ ತೂಕ ತಿಳಿದುಕೊಂಡು ಬರುವುದು. ಮೊಲವನ್ನು ಕುಕ್ಕೆಯಲ್ಲಿಟ್ಟು ತರಕಾರಿ ತೂಗುವ ತಕ್ಕಡಿಯಲ್ಲಿ ತೂಗಿ, ಅನಂತರ ಬರೀ ಕುಕ್ಕೆಯ ತೂಕ ಕಳೆಯಿರಿ. ಮೊಲವನ್ನು ಕಿವಿ ಹಿಡಿದು ಎಂದಿಗೂ ಎತ್ತಬೇಡಿ. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಭಾಗಕ್ಕೆ ಆಸರೆ ಕೊಟ್ಟು ಎತ್ತಬೇಕು. ಹಿಂಭಾಗಕ್ಕೆ ಆಸರೆಯಿಲ್ಲದೆ ಮೊಲ ಒದರಿದರೆ ಬೆನ್ನುಮೂಳೆಯೇ ಮುರಿಯಬಹುದು.

2. ಮೈ ಕಜ್ಜಿ, ಹುಳುಕಡ್ಡಿ ಮತ್ತು ಚಿಗಟ

ಸಾರ್ಕಾಪ್ಟಿಸ್ ಎಂಬ ಇನ್ನೊಂದು ನುಸಿ ಮೂಗು, ತುಟಿ, ಕಣ್ಣಿನ ಸುತ್ತ ಮತ್ತು ಉಗುರಿನ ಬುಡದಲ್ಲಿ ಬಿಲ ಕೊರೆದು ಕೂರುತ್ತದೆ. ಅಲ್ಲಿ ಸುಣ್ಣ ಮೆತ್ತಿದಂಥ ಬೂದು ಬಿಳಿ ಹೊಪ್ಪಳೆ ಕಟ್ಟುತ್ತದೆ. ಮೊಲ ಮೇವು ಬಿಟ್ಟು ಸೊರಗುತ್ತದೆ. ಇದಕ್ಕೂ ಮೇಲೆ ಹೇಳಿದ ಚಿಕಿತ್ಸೆಯೇ ಆಗುತ್ತದೆ. ಆದರೆ ಈ ನುಸಿ ಮನುಷ್ಯರಿಗೂ ತುರಿಕೆ ತರುತ್ತದೆ. ಮೊಲ ಎತ್ತಿಕೊಳ್ಳುವ ಮಗುವಿನ ಮುಂಗೈ, ಹೊಟ್ಟೆಯ ಮೇಲೆ ತುರಿಕೆಯ ಗುಳ್ಳೆ ಕಂಡರೆ ಮಗುವನ್ನು ವೈದ್ಯರಿಗೆ ತೋರಿಸಿ, ಮನೆಯಲ್ಲಿ ಮೊಲವಿರುವುದನ್ನೂ ಹೇಳಿ.

ಕೂದಲು ದುಂಡಗೆ ಉದುರಿ, ಹೊಟ್ಟು ಏಳುವುದು ಹುಳುಕಡ್ಡಿಯ ಲಕ್ಷಣ. ಇದು ನುಸಿಯಲ್ಲ, ಬೂಷ್ಟು. ಔಷಧಿಯೂ ಬೇರೆ. ಇದು ಸಹ ಮಕ್ಕಳಿಗೆ ಅಂಟುತ್ತದೆ. ಎರಡೂ ಕಜ್ಜಿಯಂತೆಯೇ ಕಾಣುವುದರಿಂದ ಚರ್ಮ ಕೆರೆದು ಪರೀಕ್ಷಿಸಿದ ಮೇಲೆ ಔಷಧಿ ನಿರ್ಧರಿಸುವುದು ಉತ್ತಮ. ಚಿಗಟಗಳು ಸಾಮಾನ್ಯವಾಗಿ ಮನೆಯ ನಾಯಿ ಬೆಕ್ಕುಗಳಿಂದ ಬರುತ್ತವೆ. ಅವುಗಳಿಗೂ ಚಿಕಿತ್ಸೆಯಾಗದೆ ಮೊಲದ ಚಿಗಟ ಹೋಗುವುದಿಲ್ಲ.

ಎಚ್ಚರಿಕೆ: ದನದ ಉಣ್ಣೆಗೆ ಹಚ್ಚುವ ಔಷಧಿಗಳನ್ನು ಮೊಲದ ಮೈಗೆ ಹಚ್ಚಬೇಡಿ, ಅದರಲ್ಲಿ ಅದ್ದಬೇಡಿ. ನಾಯಿಯ ಚಿಗಟಕ್ಕೆ ಬೆನ್ನಿನ ಮೇಲೆ ಬಿಡುವ ಫಿಪ್ರೊನಿಲ್ ಔಷಧಿ ಮೊಲಕ್ಕೆ ಪ್ರಾಣಾಂತಿಕವಾಗಬಲ್ಲದು. ಕೊಟ್ಟಿಗೆಗೆ ಉಣ್ಣೆ ಔಷಧಿ ಸಿಂಪಡಿಸುವ ದಿನ ಮೊಲದ ಗೂಡನ್ನು ದೂರ ಸಾಗಿಸಿ, ಔಷಧಿ ಬಿದ್ದ ಹುಲ್ಲನ್ನು ಅದಕ್ಕೆ ಹಾಕಬೇಡಿ.

3. ಮರಿಗಳ ಭೇದಿ: ಕಾಕ್ಸಿಡಿಯೋಸಿಸ್

ಕಣ್ಣಿಗೆ ಕಾಣದ ಐಮೀರಿಯಾ ಎಂಬ ಏಕಕೋಶ ಜೀವಿಯಿಂದ ಈ ರೋಗ ಬರುತ್ತದೆ. ತಾಯಿಯ ಹಾಲು ಬಿಡುವ ಹೊತ್ತಿನಿಂದ ಮೂರು ನಾಲ್ಕು ತಿಂಗಳವರೆಗಿನ ಮರಿಗಳಿಗೆ ಅಪಾಯ ಹೆಚ್ಚು. ಒಂದು ಬಗೆ ಕರುಳನ್ನು, ಇನ್ನೊಂದು ಬಗೆ ಪಿತ್ತಜನಕಾಂಗವನ್ನು ಹಾಳು ಮಾಡುತ್ತದೆ.

ಲಕ್ಷಣಗಳು: ಮರಿ ಬೆಳೆಯುವುದಿಲ್ಲ, ಹೊಟ್ಟೆ ದಪ್ಪ ಬೆನ್ನು ಸಣ್ಣ, ಕೂದಲು ಒರಟು, ನೀರು ಅಥವಾ ಲೋಳೆ ಭೇದಿ, ಒಮ್ಮೊಮ್ಮೆ ರಕ್ತ. ಮಳೆಗಾಲದಲ್ಲಿ ಒಂದರ ಹಿಂದೊಂದು ಮರಿ ಸಾಯುತ್ತಿದ್ದರೆ ಮೊದಲು ಇದನ್ನೇ ಸಂಶಯಿಸಬೇಕು.

ಇದರ ಒಂದು ಗುಟ್ಟು ತಿಳಿದರೆ ಅರ್ಧ ರೋಗ ಗೆದ್ದಂತೆ. ಹಿಕ್ಕೆಯೊಡನೆ ಹೊರಬಿದ್ದ ಈ ಜೀವಿಯ ಮೊಟ್ಟೆಗೆ ಆಗಲೇ ರೋಗ ತರುವ ಶಕ್ತಿ ಇರುವುದಿಲ್ಲ. ತೇವ ಮತ್ತು ಬೆಚ್ಚಗಿನ ವಾತಾವರಣದಲ್ಲಿ ಸುಮಾರು ಎರಡು ಮೂರು ದಿನ ಮಾಗಿದ ಮೇಲೆಯೇ ಅದು ಅಪಾಯಕಾರಿ. ಅಂದರೆ ಪ್ರತಿದಿನವೂ ತಪ್ಪದೆ ಹಿಕ್ಕೆ ಗುಡಿಸಿ, ಗೂಡನ್ನು ಒಣಗಿಸಿಟ್ಟರೆ ರೋಗದ ಸರಪಳಿ ಅಲ್ಲಿಯೇ ತುಂಡಾಗುತ್ತದೆ. ವಾರಕ್ಕೊಮ್ಮೆ ಗುಡಿಸಿದರೆ ಈ ಪ್ರಯೋಜನವಿಲ್ಲ. ಫಿನಾಯಿಲ್ ಹಾಕಿ ತೊಳೆದರೂ ಈ ಮೊಟ್ಟೆ ಸಾಯುವುದಿಲ್ಲ. ಕುದಿಯುವ ನೀರು ಮತ್ತು ಖಾರ ಬಿಸಿಲು, ಇವೆರಡೇ ಮನೆಯಲ್ಲಿ ಸಿಗುವ ಮದ್ದು. ಹುಲ್ಲನ್ನು ನೆಲಕ್ಕೆ ಹಾಕದೆ ಗೂಡಿನ ಬದಿಗೆ ಕಟ್ಟಬೇಕು. ನೀರಿನ ಪಾತ್ರೆ ಮಗುಚದಂತೆ ಇರಬೇಕು.

ಉಪಚಾರ: ಹಿಕ್ಕೆಯ ಮಾದರಿಯನ್ನು ಪಶು ಆಸ್ಪತ್ರೆಗೆ ತನ್ನಿ. ಸೂಕ್ಷ್ಮದರ್ಶಕದಲ್ಲಿ ನೋಡಿ ಸಲ್ಫಾ ಗುಂಪಿನ ಔಷಧಿ ಅಥವಾ ಟಾಲ್ಟ್ರಾಜುರಿಲ್ ಎಷ್ಟು ದಿನ, ಎಷ್ಟು ಪ್ರಮಾಣ ಎಂಬುದನ್ನು ವೈದ್ಯರು ಗೊತ್ತುಮಾಡುತ್ತಾರೆ. ಕರುಗಳಿಗೂ ಕೋಳಿಗಳಿಗೂ ಇದೇ ಹೆಸರಿನ ರೋಗ ಬರುತ್ತದೆ. ಆದರೆ ಅವುಗಳ ಜೀವಿಗಳೇ ಬೇರೆ, ಮೊಲದಿಂದ ಕರುವಿಗೆ ಹರಡುವುದಿಲ್ಲ. ಕೋಳಿ ಆಹಾರದಲ್ಲಿ ಈ ರೋಗಕ್ಕೆಂದು ಬೆರೆಸುವ ಕೆಲವು ಔಷಧಿಗಳು ಮೊಲಕ್ಕೆ ವಿಷ. ಆದ್ದರಿಂದ ಕೋಳಿ ಆಹಾರವನ್ನು ಮೊಲಕ್ಕೆ ಹಾಕಬೇಡಿ.

4. ಜಂತುಹುಳು ಮತ್ತು ಲಾಡಿಹುಳು

ಹಿಕ್ಕೆಯಲ್ಲಿ ಬಿಳಿ ದಾರದ ಚೂರಿನಂಥ ಹುಳು ಕಂಡರೆ ಅದು ಮೊಲದ ದಾರದ ಹುಳು. ಸಾಮಾನ್ಯವಾಗಿ ಹೆಚ್ಚು ತೊಂದರೆ ಕೊಡದು, ಮನುಷ್ಯರಿಗೂ ಅಂಟದು. ಚಿಕಿತ್ಸೆ ಸುಲಭ. ಹಾಗೆಂದು ಕರುಗಳಿಗೆ ಕುಡಿಸುವ ಜಂತುನಾಶಕವನ್ನು ಅಂದಾಜಿನಲ್ಲಿ ಸುರಿಯಬೇಡಿ. ಅಲ್ಬೆಂಡಜೋಲ್‌ನಂಥ ಔಷಧಿ ಪ್ರಮಾಣ ಮೀರಿದರೆ ಮೊಲದ ರಕ್ತ ಉತ್ಪತ್ತಿಯನ್ನೇ ಕುಂದಿಸಬಲ್ಲದು. ನಾಯಿಯ ಲಾಡಿಹುಳುವಿನ ಮೊಟ್ಟೆ ಬಿದ್ದ ಹುಲ್ಲು ತಿಂದರೆ ಮೊಲದ ಹೊಟ್ಟೆಯಲ್ಲಿ ನೀರ್ಗುಳ್ಳೆಗಳು ಬೆಳೆಯುತ್ತವೆ. ನಾಯಿ ಓಡಾಡುವ ಕಡೆಯ ಹುಲ್ಲು ತರಬೇಡಿ. ಸತ್ತ ಮೊಲವನ್ನು ನಾಯಿಗೆ ಎಸೆಯದೆ ಆಳವಾಗಿ ಹೂಳಿ.

5. ಮೇವು ಬಿಡುವುದು ಮತ್ತು ಹೊಟ್ಟೆ ಉಬ್ಬರ

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ನಾನು ಸೇವೆಗೆ ಸೇರಿದ ಹೊಸತು. ಕಾಲೇಜಿನಲ್ಲಿ ಹಸು, ಎಮ್ಮೆ, ಕುರಿಗಳ ಬಗ್ಗೆ ಓದಿದಷ್ಟು ಮೊಲದ ಬಗ್ಗೆ ಓದಿರಲಿಲ್ಲ. ಒಬ್ಬ ಸದಸ್ಯರು ಸಂಜೆ ಬಂದು "ನಿನ್ನೆಯಿಂದ ಮೊಲ ಹುಲ್ಲು ಮುಟ್ಟಿಲ್ಲ, ಹಿಕ್ಕೆಯೂ ಹಾಕಿಲ್ಲ" ಎಂದರು. ಹಸು ಒಂದು ದಿನ ಮೇವು ಬಿಟ್ಟರೂ ತಡೆದುಕೊಳ್ಳುತ್ತದಲ್ಲ, ಹಾಗೆಂದೇ ಎಣಿಸಿ "ನಾಳೆ ಬೆಳಿಗ್ಗೆ ತನ್ನಿ, ನೋಡೋಣ" ಎಂದುಬಿಟ್ಟೆ. ಬೆಳಿಗ್ಗೆ ಅವರು ಬಂದರು, ಮೊಲ ಬರಲಿಲ್ಲ. ಅಂದಿನಿಂದ ಮೊಲದ ವಿಷಯದಲ್ಲಿ ನಾಳೆ ಎಂಬ ಮಾತನ್ನು ನಾನು ಆಡುವುದಿಲ್ಲ.

ಮೊಲದ ಕರುಳು ಸದಾ ಚಲಿಸುತ್ತಿರಬೇಕು. ನಾರಿನಂಶ ಕಡಿಮೆಯಾದರೆ, ಹಿಂಡಿ, ಅನ್ನ, ಬಿಸ್ಕತ್ತು, ಬ್ರೆಡ್ಡು ಹೆಚ್ಚಾದರೆ, ಹಲ್ಲು ನೋವು ಅಥವಾ ಹೆದರಿಕೆಯಾದರೂ ಸರಿ, ಕರುಳು ನಿಂತುಹೋಗುತ್ತದೆ. ಒಳಗಿನ ಆಹಾರ ಒಣಗಿ ಗಟ್ಟಿಯಾಗುತ್ತದೆ, ಕೆಟ್ಟ ಸೂಕ್ಷ್ಮಜೀವಿಗಳು ಹೆಚ್ಚಿ ಗಾಳಿ ತುಂಬುತ್ತದೆ. 12 ಗಂಟೆ ಏನೂ ತಿನ್ನದ, ಹಿಕ್ಕೆ ಹಾಕದ ಮೊಲವನ್ನು ತುರ್ತು ಪ್ರಕರಣವೆಂದೇ ತಿಳಿಯಿರಿ. ಮೂಲೆಯಲ್ಲಿ ಮುದುಡಿ ಕೂತು ಹಲ್ಲು ಕಡಿಯುತ್ತಿದ್ದರೆ ಅದು ನೋವಿನ ಗುರುತು.

ಉಪಚಾರ: ಬೆಚ್ಚಗಿನ ಜಾಗದಲ್ಲಿಟ್ಟು, ಎಳೆಯ ಗರಿಕೆ ಮತ್ತು ನೀರನ್ನು ಮುಂದಿಟ್ಟು, ಕೂಡಲೇ ವೈದ್ಯರಲ್ಲಿಗೆ ಒಯ್ಯಿರಿ. ಹೊಟ್ಟೆ ತಮಟೆಯಂತೆ ಬಿಗಿದಿದ್ದರೆ ಬಲವಂತವಾಗಿ ಏನನ್ನೂ ಕುಡಿಸಬೇಡಿ. ದನದ ಹೊಟ್ಟೆ ಉಬ್ಬರಕ್ಕೆ ಕೊಡುವ ಔಷಧಿ, ಎಣ್ಣೆಗಳನ್ನು ಗೊಟ್ಟದಂತೆ ಹಾಕಿದರೆ ಶ್ವಾಸಕೋಶಕ್ಕೆ ಇಳಿದು ಉಸಿರುಗಟ್ಟಬಹುದು. ವೈದ್ಯರು ಚರ್ಮದಡಿ ದ್ರಾವಣ ಏರಿಸಿ, ನೋವು ಕಳೆಯುವ ಮತ್ತು ಕರುಳು ಚಲಿಸುವ ಔಷಧಿ ಕೊಡುತ್ತಾರೆ.

ತಡೆಗಟ್ಟುವುದು ಹೇಗೆ? ಮೊಲದ ಮೇವಿನಲ್ಲಿ ಹೆಚ್ಚಿನ ಪಾಲು ಹುಲ್ಲೇ ಇರಬೇಕು. ಗರಿಕೆ, ನೆರಳಲ್ಲಿ ಬಾಡಿಸಿದ ಹಸಿರು ಹುಲ್ಲು, ಒಣಹುಲ್ಲು ಸದಾ ಮುಂದಿರಲಿ. ಕುದುರೆ ಮೆಂತ್ಯ, ಅಲಸಂದೆ ಸೊಪ್ಪು ಮಿತವಾಗಿರಲಿ. ಸುಬಾಬುಲ್ ಹೆಚ್ಚಾದರೆ ಕೂದಲು ಉದುರುತ್ತದೆ. ಮಳೆಯಲ್ಲಿ ನೆಂದ, ರಾಶಿ ಹಾಕಿ ಬಿಸಿಯಾದ, ಬೂಷ್ಟು ಹಿಡಿದ ಹುಲ್ಲು ಬೇಡವೇ ಬೇಡ. ದನಕ್ಕೆಂದು ತಯಾರಾದ ಪಶು ಆಹಾರವನ್ನು ಮೊಲಕ್ಕೆ ಹಾಕಬೇಡಿ. ಅದರಲ್ಲಿ ಯೂರಿಯಾ ಸೇರಿರುವುದುಂಟು. ಮೆಲುಕು ಚೀಲವಿರುವ ದನ ಅದನ್ನು ಬಳಸಿಕೊಳ್ಳಬಲ್ಲದು, ಮೊಲ ಬಳಸಿಕೊಳ್ಳಲಾರದು.

6. ಹಲ್ಲು ಬೆಳೆಯುವುದು

ಮೊಲದ ಹಲ್ಲು ಜೀವಮಾನವಿಡೀ ಬೆಳೆಯುತ್ತಿರುತ್ತದೆ. ಮುಂಹಲ್ಲು ವಾರಕ್ಕೆ ಸುಮಾರು 2 ಮಿ.ಮೀ. ಬೆಳೆಯುತ್ತದೆ. ಹುಲ್ಲು ಅರೆದಷ್ಟೂ ಹಲ್ಲು ಸವೆದು ಸಮವಾಗಿರುತ್ತದೆ. ಮೆದು ತಿಂಡಿ ತಿಂದು ಬೆಳೆದ ಮೊಲದ ಹಲ್ಲು ವಕ್ರವಾಗಿ ತುಟಿ, ಕೆನ್ನೆ, ನಾಲಿಗೆಗೆ ಚುಚ್ಚುತ್ತದೆ. ಗದ್ದ ಸದಾ ಒದ್ದೆಯಾಗಿರುವುದು, ಮೇವಿನ ಬಳಿ ಬಂದು ತಿನ್ನದೆ ಹಿಂದಿರುಗುವುದು ಇದರ ಲಕ್ಷಣ. ಉಗುರು ಕತ್ತರಿಸುವ ಸಾಧನದಿಂದ ಹಲ್ಲು ಕತ್ತರಿಸಬೇಡಿ, ಹಲ್ಲು ಬುಡದವರೆಗೂ ಸೀಳುತ್ತದೆ. ವೈದ್ಯರು ಉಜ್ಜಿ ಸರಿಪಡಿಸುತ್ತಾರೆ.

7. ಶೀತ, ಸೀನು ಮತ್ತು ಪ್ರತಿಜೀವಕದ ಅಪಾಯ

ಮೂಗಿನಿಂದ ಗಟ್ಟಿ ಸಿಂಬಳ, ಸೀನು, ಮುಂಗಾಲಿನ ಒಳಭಾಗದ ಕೂದಲು ಅಂಟಿಕೊಂಡಿರುವುದು, ಇವು ಪಾಶ್ಚುರೆಲ್ಲಾ ಎಂಬ ರೋಗಾಣುವಿನ ಗುರುತು. ದನಗಳಲ್ಲಿ ಗಳಲೆ ರೋಗ ತರುವ ರೋಗಾಣುವಿನ ಕುಲದ್ದೇ ಇದು. ಗಾಳಿಯಾಡದ, ಮೂತ್ರದ ಘಾಟು ತುಂಬಿದ ಗೂಡಿನಲ್ಲಿ ರೋಗ ಬೇಗ ಹರಡುತ್ತದೆ. ಸೀನುವ ಮೊಲವನ್ನು ಬೇರೆ ಇಡಿ.

ಇಲ್ಲಿ ಬಹಳ ಮುಖ್ಯವಾದ ಎಚ್ಚರಿಕೆ ಒಂದಿದೆ. ಪೆನಿಸಿಲಿನ್, ಆಂಪಿಸಿಲಿನ್, ಅಮಾಕ್ಸಿಸಿಲಿನ್, ಲಿಂಕೊಮೈಸಿನ್ ಮುಂತಾದ ಔಷಧಿಗಳು ಬಾಯಿಯ ಮೂಲಕ ಹೊಟ್ಟೆ ಸೇರಿದರೆ ಕುರುಡು ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳೆಲ್ಲ ಸತ್ತು, ವಿಷಕಾರಿ ಜೀವಿಗಳು ಹೆಚ್ಚಿ, ಮೊಲ ಕೆಲವೇ ದಿನಗಳಲ್ಲಿ ಭೇದಿಯಿಂದ ಸಾಯಬಹುದು. ಮಕ್ಕಳ ಜ್ವರಕ್ಕೆ ತಂದ ಸಿರಪ್ಪನ್ನು ಮೊಲಕ್ಕೆ ಕುಡಿಸಬೇಡಿ. ಕೆಚ್ಚಲು ಬಾವಿಗೆ ಏರಿಸಿ ಉಳಿದ ಟ್ಯೂಬಿನ ಮುಲಾಮನ್ನು ಮೊಲದ ಗಾಯಕ್ಕೆ ಹಚ್ಚಬೇಡಿ. ಗಾಯ ನೆಕ್ಕಿದರೆ ಔಷಧಿ ಹೊಟ್ಟೆಗೇ ಹೋಯಿತು. ಮೊಲಕ್ಕೆ ಹೊಂದುವ ಪ್ರತಿಜೀವಕಗಳು ಬೇರೆ ಇವೆ, ಅವನ್ನು ವೈದ್ಯರು ಆರಿಸುತ್ತಾರೆ.

8. ಗಾಯಕ್ಕೆ ಹುಳ ಬೀಳುವುದು ಮತ್ತು ಅಂಗಾಲಿನ ಹುಣ್ಣು

ಮಳೆಗಾಲದಲ್ಲಿ ಭೇದಿಯಿಂದ ಹಿಂಭಾಗ ಗಲೀಜಾದ ಮೊಲದ ಮೇಲೆ ನೊಣ ಮೊಟ್ಟೆ ಇಟ್ಟು, ಒಂದೇ ದಿನದಲ್ಲಿ ಹುಳ ಬೀಳಬಹುದು. ದನದ ಗಾಯದ ಹುಳಕ್ಕೆ ಟರ್ಪೆಂಟೈನ್ ಎಣ್ಣೆ ಹಾಕುವ ರೂಢಿ ನಮ್ಮಲ್ಲಿದೆ. ಮೊಲದ ಚರ್ಮ ಕಾಗದದಷ್ಟು ತೆಳು, ಅದನ್ನು ಹಾಕಬೇಡಿ. ಸುತ್ತಲ ಕೂದಲು ಕತ್ತರಿಸಿ, ಚಿಮಟದಿಂದ ಕಾಣುವ ಹುಳಗಳನ್ನು ತೆಗೆದು, ಕುದಿಸಿ ಆರಿಸಿದ ಉಪ್ಪು ನೀರಿನಿಂದ ತೊಳೆದು ಅಂದೇ ವೈದ್ಯರಿಗೆ ತೋರಿಸಿ.

ತಂತಿ ಜಾಲರಿಯ ಮೇಲೆಯೇ ಸದಾ ನಿಂತ ಮೊಲದ ಹಿಂಗಾಲಿನ ಅಂಗಾಲಿನಲ್ಲಿ ಕೂದಲು ಹೋಗಿ ಹುಣ್ಣಾಗುತ್ತದೆ. ಒಂದು ಮೂಲೆಗೆ ಒಣ ಹಲಗೆ ಅಥವಾ ಒಣಹುಲ್ಲು ಹಾಕಿ, ದಿನವೂ ಬದಲಿಸಿ.

9. ಬಿಸಿಲಿನ ಝಳ

ಮೊಲಕ್ಕೆ ಚಳಿಗಿಂತ ಸೆಕೆಯೇ ದೊಡ್ಡ ಶತ್ರು. 30 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕಷ್ಟ ಆರಂಭ. ಏಪ್ರಿಲ್, ಮೇ ತಿಂಗಳಲ್ಲಿ ಶೀಟಿನ ಕೆಳಗೆ ಗೂಡು ಇಡಬೇಡಿ. ಮರದ ನೆರಳಿಗೆ ಸಾಗಿಸಿ, ಗೂಡಿನ ಮೇಲೆ ಒದ್ದೆ ಗೋಣಿ ಹೊದಿಸಿ, ನೀರು ಸದಾ ಇರಲಿ. ಬಾಯಿ ತೆರೆದು ಏದುತ್ತಾ ಮಲಗಿದ್ದರೆ ತಣ್ಣೀರಿನಲ್ಲಿ ಅದ್ದಿದ ಬಟ್ಟೆಯಿಂದ ಕಿವಿಗಳನ್ನು ಒರೆಸುತ್ತಿರಿ. ಮೊಲ ಮೈಯ ಬಿಸಿಯನ್ನು ಹೊರಹಾಕುವುದು ಕಿವಿಯ ಮೂಲಕ. ಐಸ್ ನೀರಿನಲ್ಲಿ ಮುಳುಗಿಸಬಾರದು.

ನೆನಪಿಡಬೇಕಾದ ಅಂಶಗಳು

* ಪ್ರತಿದಿನ ಹಿಕ್ಕೆ ಗುಡಿಸಿ, ಗೂಡು ಒಣಗಿರಲಿ.
* ಹೊಸದಾಗಿ ತಂದ ಮೊಲವನ್ನು ಮೂರು ವಾರ ಬೇರೆ ಇಡಿ.
* ವಾರಕ್ಕೊಮ್ಮೆ ಕಿವಿ, ಹಲ್ಲು, ಉಗುರು, ಅಂಗಾಲು, ಹಿಂಭಾಗ ನೋಡಿ. ತೂಕ ಬರೆದಿಡಿ.
* ದನದ, ನಾಯಿಯ, ಕೋಳಿಯ, ಮನುಷ್ಯರ ಔಷಧಿಯನ್ನು ಸ್ವಂತ ಅಂದಾಜಿನಲ್ಲಿ ಕೊಡಬೇಡಿ.
* 12 ಗಂಟೆ ಮೇವು ಬಿಟ್ಟರೆ ಅದೇ ದಿನ ವೈದ್ಯರಿಗೆ ತೋರಿಸಿ.
* ಮೊಲ ಮುಟ್ಟಿದ ಮೇಲೆ ಮಕ್ಕಳು ಸೋಪು ಹಾಕಿ ಕೈ ತೊಳೆಯಲಿ. ಹಾಲು ಕರೆಯುವವರೂ ಹಾಗೆಯೇ ಮಾಡಬೇಕು.
* ಹೊಲದಲ್ಲಿ ಸಿಕ್ಕ ಕಾಡುಮೊಲದ ಮರಿಯನ್ನು ತಂದು ಸಾಕಬೇಡಿ. ಅದು ಬೇರೆಯೇ ಜಾತಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಹಿಡಿಯುವುದು ಅಪರಾಧ.

ಆ ಹುಡುಗಿಯ ಮೊಲದ ವಿಷಯ ಹೇಳಿ ಮುಗಿಸುತ್ತೇನೆ. ಅಂದು ಸಂಘದ ಎದುರಿನ ಅಂಗಡಿಯ ತಕ್ಕಡಿಯಲ್ಲಿ ತೂಗಿದಾಗ ಒಂದೂ ಮುಕ್ಕಾಲು ಕಿಲೋ ಇತ್ತು. ಸಣ್ಣ ಸಿರಿಂಜಿನಲ್ಲಿ ಅಳತೆ ಮಾಡಿ ಔಷಧಿ ಕೊಟ್ಟು, 14 ದಿನ ಬಿಟ್ಟು ಮತ್ತೆ ಬರಲು ಹೇಳಿದೆ. ಹೇಳಿದ ದಿನಕ್ಕೆ ಸರಿಯಾಗಿ ತಂದೆ ಮಗಳು ಇಬ್ಬರೂ ಬಂದರು. ಹೊಪ್ಪಳೆ ಉದುರಿ ಕಿವಿ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಹಾಲಿನ ಪಾಸ್‌ಪುಸ್ತಕದ ಕೊನೆಯ ಹಾಳೆಯಲ್ಲಿ ಮೊಲದ ತೂಕವನ್ನು ವಾರವಾರವೂ ಬರೆದಿಟ್ಟಿದ್ದಳು. ಎರಡನೆಯ ವಾರ 100 ಗ್ರಾಂ ಹೆಚ್ಚಾಗಿತ್ತು. ತಂದೆ ಆ ಹಾಳೆಯನ್ನು ನನಗೆ ತೋರಿಸಿ, "ಉಣ್ಣೆ ಔಷಧಿ ಬಾಟ್ಲಿನ ಈಗ ಬೀಗ ಹಾಕಿ ಇಟ್ಟಿದೀನಿ ಸಾರ್" ಎಂದರು.

ನಿಮ್ಮ ಮನೆಯ ಮೊಲದ ತೊಂದರೆಯನ್ನು ಶಿಬಿರಕ್ಕೆ ಬಂದಾಗ ಕೇಳಲು ಸಂಕೋಚ ಬೇಡ. ಹಾಲು ಕೊಡದ ಪ್ರಾಣಿಯೆಂದು ನಾವು ಅದನ್ನು ಕಡೆಗಣಿಸುವುದಿಲ್ಲ. ಹತ್ತಿರದ ಪಶು ಆಸ್ಪತ್ರೆಗೆ ಬರುವಾಗ ಮೊಲದ ಜೊತೆ ಮೂರು ವಿಷಯ ತನ್ನಿ: ಅದರ ತೂಕ, ಅಂದಿನ ಹಿಕ್ಕೆ, ಮತ್ತು ಈಗಾಗಲೇ ಏನಾದರೂ ಔಷಧಿ ಹಾಕಿದ್ದರೆ ಆ ಬಾಟಲಿ. ಹಾಕಿದ್ದನ್ನು ಮುಚ್ಚಿಡಬೇಡಿ. ಬೈಯುವುದಕ್ಕಾಗಿ ಕೇಳುವುದಲ್ಲ, ಉಳಿಸುವುದಕ್ಕಾಗಿ ಕೇಳುವುದು.